ಕೋವಿ ಜಮಾ ಮಾಡ್ತೇನೆ ಸಾಹೇಬ್ರೆ, ನನ್ನ ಮಾತೂ ಸ್ವಲ್ಪ ಕೇಳಿ

ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೆ, ಎಸ್ಪಿ ಸಾಹೇಬ್ರಿಗೆ, ಹಾಗೇ ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದ ತನಕ ಇದನ್ನ ಓದೋ ಎಲ್ಲರಿಗೂ ನಮಸ್ಕಾರ.

ನಾನು ಕುಮಟಾ ತಾಲೂಕಿನವ. ದೇವಿಮನೆ ಘಟ್ಟದ ಬುಡದಲ್ಲಿ ಎರಡು ಎಕರೆ ಅಡಿಕೆ ತೋಟ, ಜೊತೆಗೆ ಒಂಚೂರು ಬಾಳೆ, ತೆಂಗು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಒಂದು ಒಂಟಿ ನಳಿಗೆ ಕೋವಿ ನಮ್ಮನೇಲಿದೆ, ಅಪ್ಪಯ್ಯನ ಕಾಲದ್ದು, ಅವ್ರು ಹೋದ್ಮೇಲೆ ನನ್ನ ಹೆಸರಿಗೆ ಆಯ್ತು. ಎಲೆಕ್ಷನ್ ಬಂದಾಗೆಲ್ಲ ಅದನ್ನ ಸ್ಟೇಷನ್ನಿಗೆ ಜಮಾ ಮಾಡಿ ಬರ್ತೇನೆ. 2024ರ ಲೋಕಸಭೆ ಚುನಾವಣೇಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ನಮ್ಮ ಜಿಲ್ಲೇಲಿ ಓಟು ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ, ಅಷ್ಟೂ ದಿನ ಕೋವಿ ಸ್ಟೇಷನ್ನಲ್ಲೇ ಇತ್ತು, ಕೆಳಗಿನ ತೋಟದ ಬಾಳೆ ಪೂರ್ತಿ ಹಂದಿ ಪಾಲಾಯ್ತು. ಅದಕ್ಕೆ ನನ್ನ ತಕರಾರಿಲ್ಲ, ಮುಂದಿನ ಸಲಾನೂ ಜಮಾ ಮಾಡ್ತೇನೆ. ಈ ಪತ್ರ ಬರೀತಿರೋದು ಬೇರೆ ಕಾರಣಕ್ಕೆ, ಕೋವಿ ಜಮಾ ಮಾಡ್ಸಿದ್ರಷ್ಟೇ ಸಾಲದು, ಗಲಭೆಯ ಮೂಲ ಕಾರಣವನ್ನೂ ನೋಡಿ ಅಂತ ಕೇಳೋಕೆ.

ಆವತ್ತು ಹಳೇ ಪಂಚೇಲಿ ಸುತ್ತಿ ಮೇಲಿಂದ ಗೋಣಿ ಹಾಕಿ ಬಸ್ಸಿನ ಹಿಂದಿನ ಸೀಟಲ್ಲಿ ಇಟ್ಕೊಂಡು ಹೋಗಿದ್ದೆ. ಸ್ಟೇಷನ್ನಲ್ಲಿ ಎಳೇ ಪ್ರಾಯದ ಪೊಲೀಸ್ ಹುಡುಗ ಒಬ್ಬ, ಮೊಬೈಲ್ ಟಾರ್ಚ್ ಹಾಕಿ ನಳಿಗೆ ಮೇಲಿನ ನಂಬರ್ ಒಂದೊಂದೇ ಅಂಕಿ ಓದಿದ. ಸವೆದು ಹೋದ ಒಂದು ಅಂಕಿ 3 ಹೌದಾ 8 ಹೌದಾ ಗೊತ್ತಾಗ್ಲಿಲ್ಲ, ಹೆಬ್ಬೆರಳಲ್ಲಿ ತಿಕ್ಕಿ ನೋಡಿದ, ಕೊನೆಗೆ ಲೈಸೆನ್ಸ್ ಪುಸ್ತಕದ ಜೊತೆ ತಾಳೆ ಹಾಕಿ 8 ಅಂತ ಬರ್ಕೊಂಡ. ತೋಟಾ ಏಳಿತ್ತು, ಏಳನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಎಣಿಸಿದ. ರಿಜಿಸ್ಟರಲ್ಲಿ ಬರೆದ, ನನ್ನ ಸಹಿ ತಗೊಂಡ. ಕೆಲಸ ಅಂದ್ರೆ ಹೀಗೆ ಮಾಡ್ಬೇಕು ಅನ್ನಿಸ್ತು.

ರಶೀದಿಗೆ ಕಾಯ್ತಾ ಬೆಂಚಿನ ಮೇಲೆ ಕೂತಾಗ 2017ರ ಡಿಸೆಂಬರ್ ನೆನಪಾಯ್ತು. ಇದೇ ಕುಮಟಾ ಹೊತ್ತಿ ಉರೀತಲ್ಲ, ಐಜಿಪಿ ಸಾಹೇಬ್ರ ಕಾರಿಗೇ ಬೆಂಕಿ ಹಚ್ಚಿದ್ರಲ್ಲ, ಆವತ್ತು ನಮ್ಮೂರ ಕಡೆ ಒಂದು ಕೋವಿಯೂ ಗೂಟದಿಂದ ಕೆಳಗೆ ಇಳೀಲಿಲ್ಲ. ಕಲ್ಲು, ಸೀಮೆಎಣ್ಣೆ, ಸೋಡಾ ಬಾಟ್ಲಿ, ಟಯರು. ಇದ್ಯಾವುದಕ್ಕೂ ಲೈಸೆನ್ಸ್ ಇಲ್ಲ ನಂಬರೂ ಇಲ್ಲ. ಎಲ್ಲಕ್ಕಿಂತ ಮೊದಲು ಬಂದದ್ದು ಫೋನಿಗೆ ಬಂದ ಮೆಸೇಜು.

ಏನಾಯ್ತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊನ್ನಾವರದ ಶೆಟ್ಟಿಕೆರೇಲಿ ಡಿಸೆಂಬರ್ 8ಕ್ಕೆ ಒಬ್ಬ ಹುಡುಗನ ಶವ ಸಿಕ್ತು. ಎರಡು ದಿನ ಮೊದಲು ಅಲ್ಲಿ ಎರಡು ಕೋಮಿನವ್ರ ನಡುವೆ ಗಲಾಟೆ ಆಗಿತ್ತು. ಹೇಗೆ ಸತ್ತ ಅಂತ ಯಾರಿಗೂ ಖಾತ್ರಿ ಇಲ್ಲದ ಹೊತ್ತಲ್ಲೇ ಅವನಿಗೆ ಹೀಗೆ ಮಾಡಿದ್ರು ಹಾಗೆ ಮಾಡಿದ್ರು ಅಂತ ಕೇಳೋಕೂ ಆಗದಂಥ ವಿವರಗಳೆಲ್ಲ ಹರಿದಾಡಿದ್ವು. ಹಾಗೆಲ್ಲ ಆಗ್ಲಿಲ್ಲ ಅಂತ ಮಣಿಪಾಲದ ವೈದ್ಯರ ಅಭಿಪ್ರಾಯ ಪೊಲೀಸರು ಹೇಳೋ ಹೊತ್ತಿಗೆ ಸುದ್ದಿ ಜಿಲ್ಲೆ ಪೂರ್ತಿ ಸುತ್ತಿ ಆಗಿತ್ತು. ಹೊನ್ನಾವರ, ಕುಮಟಾ, ಆಮೇಲೆ ಶಿರಸಿ. ಸಿಬಿಐ ತನಿಖೆ ಮುಗಿಸಿ ಇದು ಆಕಸ್ಮಿಕವಾಗಿ ನೀರಲ್ಲಿ ಮುಳುಗಿ ಆದ ಸಾವು ಅಂತ ಕೋರ್ಟಿಗೆ ವರದಿ ಕೊಟ್ಟದ್ದು 2022ರ ಅಕ್ಟೋಬರಲ್ಲಿ. ಹತ್ತಿರ ಹತ್ತಿರ ಐದು ವರ್ಷ. ಮಗನನ್ನ ಕಳ್ಕೊಂಡ ಆ ಮನೆಯವರ ದುಃಖದ ಬಗ್ಗೆ ಮಾತಾಡೋ ಹಕ್ಕು ನನಗಿಲ್ಲ. ಅದನ್ನ ಎತ್ಕೊಂಡು ಹೋಗಿ ಪೇಟೇಲಿ ಬೆಂಕಿ ಹಚ್ಚಿದವ್ರ ಬಗ್ಗೆ ಮಾತಾಡ್ತಿದ್ದೇನೆ.

ಆ ಗುಂಪಲ್ಲಿ ಒಬ್ಬ ನಮ್ಮವನೇ ಇದ್ದ. ನಮ್ಮ ತೋಟಕ್ಕೆ ಬಂದು ಮರ ಹತ್ತಿ ಅಡಿಕೆ ಕೊನೆ ಕೊಯ್ಯೋ ಕೊನೆಗೌಡನ ಮಗ, ಆಗ ಹತ್ತೊಂಬತ್ತು ವರ್ಷ. ಪಿಯುಸಿ ಫೇಲಾಗಿ ಒಂದು ಮೊಬೈಲ್ ಅಂಗಡೀಲಿ ಸ್ಕ್ರೀನ್ ಗಾರ್ಡ್ ಹಾಕೋ ಕೆಲಸ ಮಾಡ್ತಿದ್ದ. ಆ ರಾತ್ರಿ ಅವನಪ್ಪ ಅವನನ್ನ ನಮ್ಮ ಜಗಲಿಗೆ ಕರ್ಕೊಂಡು ಬಂದ, ಬಲಗೈ ಅಂಗೈಗೆ ಗಾಜು ಹೊಕ್ಕಿತ್ತು, ಆಸ್ಪತ್ರೆಗೆ ಹೋದ್ರೆ ಪೊಲೀಸ್ರು ಹಿಡೀತಾರೆ ಅಂತ ಹೆದರಿಕೆ. ನಮ್ಮನೆಯವಳು ಬಿಸಿನೀರು ತಂದ್ಲು, ನಾನು ಚಿಮ್ಮಟಿಗೇಲಿ ಗಾಜು ತೆಗೆದೆ. ಅವನ ಕೈ ನಡುಗ್ತಿತ್ತು, ನೋವಿಗಲ್ಲ. ತಮಾ, ಆ ಹುಡುಗ ನಿಂಗೆ ಪರಿಚಯನಾ ಅಂತ ಕೇಳಿದೆ. ಇಲ್ಲ ಹೆಗಡೇರೆ ಅಂದ. ಹೊನ್ನಾವರಕ್ಕೆ ಹೋಗಿದ್ಯಾ ಅಂದೆ. ಇಲ್ಲ. ಮತ್ತೆ? ಎಡಗೈಲಿ ಫೋನ್ ತೆಗೆದು ತೋರಿಸಿದ. ಫೋಟೋ, ವಾಯ್ಸ್ ಮೆಸೇಜು, ಒಂದೇ ಮೆಸೇಜು ಐದು ಗ್ರೂಪಲ್ಲಿ, ಮೇಲೊಂದು ಕೆಳಗೊಂದು. ಅಣ್ಣ ಫೋನ್ ಮಾಡಿ ಬಾ ಅಂದ್ರು ಅಂದ. ಯಾವ ಅಣ್ಣ ಅಂತ ನಾನು ಕೇಳ್ಲಿಲ್ಲ, ನಮ್ಮ ಜಿಲ್ಲೇಲಿ ಎರಡೂ ಕಡೆ ಅಂಥ ಅಣ್ಣಂದ್ರು ಇದ್ದಾರೆ.

ಬಹಳ ದಿನದ ಮೇಲೆ, ಅಡಿಕೆ ಸುಲೀತಾ ಕೂತಾಗ ಅವನೇ ಒಂದು ಮಾತು ಹೇಳಿದ. ಹೆಗಡೇರೆ, ಫೇಲಾದ್ಮೇಲೆ ಎರಡು ವರ್ಷ ನಂಗೆ ಯಾರೂ ಫೋನ್ ಮಾಡಿರ್ಲಿಲ್ಲ, ಆವತ್ತು ಅರ್ಧ ಗಂಟೇಲಿ ಆರು ಕಾಲ್ ಬಂತು, ಎಲ್ರೂ ಹೆಸರು ಹಿಡಿದು ಕರೆದ್ರು. ಅದನ್ನ ಕೇಳಿ ನಾನು ಸುಲಿಯೋದು ನಿಲ್ಲಿಸಿದೆ. ದಿನಾ ಬೆಳಗ್ಗೆ ನಮ್ಮ ಅಂಗಳದಲ್ಲಿ ಅಪ್ಪನ ಜೊತೆ ಕೊನೆ ಹೊರ್ತಿದ್ದ ಹುಡುಗ, ಎರಡು ವರ್ಷದಲ್ಲಿ ನಾನೂ ಅವನನ್ನ ಏನ್ ಮಾಡ್ತಿದ್ದೀಯ ತಮಾ ಈಗ ಅಂತ ಒಂದಿನ ಕೂರಿಸಿ ಕೇಳಿದ್ದು ನೆನಪಿಲ್ಲ. ಅವನ ಮೇಲೆ ಕೇಸಾಯ್ತು, ವಾಯಿದೆಗೆ ಓಡಾಡಿದ, ಪೊಲೀಸ್ ವೆರಿಫಿಕೇಷನ್ ಕೇಳೋ ಕೆಲಸ ಯಾವುದೂ ಸಿಗ್ಲಿಲ್ಲ. ಫೋನ್ ಮಾಡಿ ಕರೆದ ಅಣ್ಣ ಒಂದು ಸಲಾನೂ ಕೋರ್ಟಿನ ಹತ್ರ ಕಾಣಿಸ್ಲಿಲ್ಲ.

ಸಾಹೇಬ್ರೆ, ಇದನ್ನ ಬರೆಯೋಕೆ ಇನ್ನೊಂದು ಕಾರಣ ಇದೆ. ನನ್ನ ತಂಗಿ ಮಗಳು ಅಮೆರಿಕದಲ್ಲಿದ್ದಾಳೆ, ಅವಳ ಮಗನಿಗೆ ಏಳು ವರ್ಷ. ರಜೆಗೆ ಬಂದಿದ್ರು. ತೋಟಕ್ಕೆ ಮಂಗ ಬಂತು ಅಂತ ಪಕ್ಕದ ಮನೆಯವ್ರು ಗರ್ನಾಲು ಪಟಾಕಿ ಹೊಡೆದ್ರು, ನಮಗೆ ಅದು ದಿನನಿತ್ಯದ ಸದ್ದು. ಊಟಕ್ಕೆ ಕರೆದ್ರೆ ಹುಡುಗ ಇಲ್ಲ. ಹುಡುಕಿದ್ರೆ ಒಳಗಿನ ಕೋಣೇಲಿ ಅಕ್ಕಿ ಪೆಟ್ಟಿಗೆಗೂ ಗೋಡೆಗೂ ನಡುವೆ ಮಂಡಿ ಮಡಚಿ ಕೂತಿದ್ದಾನೆ, ಉಸಿರು ಬಿಗಿ ಹಿಡಿದು, ನನ್ನನ್ನ ನೋಡಿ ತುಟಿ ಮೇಲೆ ಬೆರಳಿಟ್ಟು ಸುಮ್ಮನಿರು ಅಂತ ಸನ್ನೆ ಮಾಡಿದ. ಅವನ ಶಾಲೇಲಿ ಹಾಗೆ ಡ್ರಿಲ್ ಮಾಡಿಸ್ತಾರಂತೆ, ಬಂದೂಕು ಹಿಡಿದವ ಬಂದ್ರೆ ಲೈಟ್ ಆರಿಸಿ ಸದ್ದಿಲ್ದೆ ಮೂಲೇಲಿ ಕೂರ್ಬೇಕು ಅಂತ. ಅವನಮ್ಮ ಹೇಳಿದ್ಮೇಲೆ ಆವತ್ತು ನನಗೆ ಊಟ ಸೇರ್ಲಿಲ್ಲ.

ಆಮೇಲೆ ನಾನು ಇದರ ಬಗ್ಗೆ ತುಂಬ ಓದಿದೆ, ಕೇಳಿದೆ. ಅಮೆರಿಕದಲ್ಲಿ ನೂರು ಜನಕ್ಕೆ ನೂರಾ ಇಪ್ಪತ್ತು ಬಂದೂಕು ಅಂತ ಒಂದು ಅಂದಾಜು ಇದೆ. ಅಲ್ಲಿ ಶಾಲೇಲಿ ಗುಂಡು ಹಾರಿದಾಗೆಲ್ಲ ಎರಡು ಗುಂಪಾಗ್ತದೆ, ಒಂದು ಗುಂಪು ಬಂದೂಕು ಕಿತ್ಕೊಳ್ಳಿ ಅಂತದೆ, ಇನ್ನೊಂದು ಗುಂಪು ಬಂದೂಕಿನದ್ದೇನು ತಪ್ಪು, ಮನಸ್ಸಿನ ಕಾಯಿಲೆ ನೋಡಿ, ಮನೆತನ ನೋಡಿ ಅಂತದೆ. ಮೂಲ ಕಾರಣ ನೋಡಿ ಅಂತ ಹೇಳಿದವ್ರೇ ಮರುದಿನ ಆ ಮೂಲ ಕಾರಣಕ್ಕೂ ಏನೂ ಮಾಡೋದಿಲ್ಲ, ಇದೇ ನನಗೆ ಬಹಳ ಬೇಜಾರಾದ ವಿಷಯ. ಹಾಗಾಗಿ ನಾನೂ ಮೂಲ ಕಾರಣ ಅನ್ನೋವಾಗ ದಯವಿಟ್ಟು ನನ್ನನ್ನ ಆ ಸಾಲಲ್ಲಿ ಸೇರಿಸ್ಬೇಡಿ.

ಯಾಕಂದ್ರೆ ಆಯುಧದಿಂದ ವ್ಯತ್ಯಾಸ ಆಗ್ತದೆ, ಇದು ಸುಳ್ಳಲ್ಲ. 2012ರ ಡಿಸೆಂಬರ್ 14, ಒಂದೇ ತಾರೀಕು. ಚೀನಾದ ಹೆನಾನ್ ಪ್ರಾಂತ್ಯದ ಒಂದು ಹಳ್ಳಿ ಶಾಲೆಗೆ ಒಬ್ಬ ಚಾಕು ಹಿಡಿದು ನುಗ್ಗಿದ, 23 ಮಕ್ಕಳಿಗೆ ಗಾಯ ಆಯ್ತು, ಒಂದು ಮಗುವೂ ಸಾಯ್ಲಿಲ್ಲ. ಅದೇ ದಿನ ಅಮೆರಿಕದ ಸ್ಯಾಂಡಿ ಹುಕ್ ಶಾಲೇಲಿ ಒಬ್ಬ ಬಂದೂಕು ಹಿಡಿದು ನುಗ್ಗಿದ, 20 ಮಕ್ಕಳು, 6 ಜನ ದೊಡ್ಡವ್ರು ಸತ್ರು. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪೋರ್ಟ್ ಆರ್ಥರಲ್ಲಿ 35 ಜನ ಸತ್ತ ಮೇಲೆ ಸರ್ಕಾರ ಆರೂವರೆ ಲಕ್ಷ ಬಂದೂಕು ದುಡ್ಡು ಕೊಟ್ಟು ವಾಪಸ್ ತಗೊಂಡು ನಾಶ ಮಾಡ್ತು, ಒಳ್ಳೇದೇ ಮಾಡ್ತು. ನಮ್ಮ ಭಟ್ಕಳದಲ್ಲೇ 1996ರ ಏಪ್ರಿಲಲ್ಲಿ ಶಾಸಕ ಡಾ. ಚಿತ್ತರಂಜನ್ ಅವ್ರನ್ನ ಅವ್ರ ಮನೇಲೇ ಗುಂಡಿಟ್ಟು ಕೊಂದ್ರಲ್ಲ. ಕೋವಿ ಮನೇಲಿಟ್ಕೊಂಡವ್ನಿಗೆ ಅದರ ಭಯ ಗೊತ್ತಿರ್ತದೆ.

ಆದ್ರೆ ಬಂದೂಕೇ ಇಲ್ಲದ ಜಾಗದ ಕಥೆ ಕೇಳಿ. ಜಪಾನಲ್ಲಿ ಜನಸಾಮಾನ್ಯರಿಗೆ ಬಂದೂಕು ಸಿಗೋದೇ ಕಷ್ಟ. ಅಲ್ಲಿ ಸಗಮಿಹಾರಾ ಅನ್ನೋ ಊರಲ್ಲಿ ಅಂಗವಿಕಲರ ಆಶ್ರಮದ ಹಳೇ ನೌಕರ ಒಬ್ಬ 2016ರ ಜುಲೈ 26ಕ್ಕೆ ರಾತ್ರಿ ಚಾಕು ಹಿಡಿದು ಹೋಗಿ ಮಲಗಿದ್ದ 19 ಜನರನ್ನ ಕೊಂದ. ಅವನು ಐದು ತಿಂಗಳು ಮೊದಲೇ, ಫೆಬ್ರವರೀಲಿ, ಹೀಗೆ ಮಾಡ್ತೇನೆ ಅಂತ ಪಾರ್ಲಿಮೆಂಟಿನ ಸ್ಪೀಕರಿಗೆ ಪತ್ರ ಬರೆದು ಕೈಯಾರೆ ಕೊಡೋಕೆ ಹೋಗಿದ್ದ. ಹಿಡಿದು ಆಸ್ಪತ್ರೆಗೆ ಹಾಕಿದ್ರು, ಹದಿನೈದು ದಿನದೊಳಗೆ ಬಿಟ್ರು, ಆಮೇಲೆ ಅವನ ಹಿಂದೆ ಸರಿಯಾಗಿ ಯಾರೂ ಬೀಳ್ಲಿಲ್ಲ. 2019ರಲ್ಲಿ ಕ್ಯೋಟೋದ ಅನಿಮೇಷನ್ ಸ್ಟುಡಿಯೋಗೆ ಒಬ್ಬ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ, 36 ಜನ. ಅದರ ಮೇಲೆ ಕ್ಯಾನಲ್ಲಿ ಪೆಟ್ರೋಲ್ ಕೊಡೋವಾಗ ಗುರುತಿನ ಚೀಟಿ ನೋಡ್ಬೇಕು ಅಂತ ಅಲ್ಲಿ ನಿಯಮ ಬಂತು. ಅದೂ ಬೇಕು, ಆದ್ರೆ ಪೆಟ್ರೋಲ್ ಕ್ಯಾನಿನ ತನಕ ಒಬ್ಬ ಮನುಷ್ಯ ಹೇಗೆ ಬಂದ ಅನ್ನೋದನ್ನ ಗುರುತಿನ ಚೀಟಿ ಹೇಳೋದಿಲ್ಲ.

ಇನ್ನು ಆಫ್ರಿಕಾದ ರುವಾಂಡಾ ದೇಶ. 1994ರಲ್ಲಿ ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನ. ಬಹಳಷ್ಟು ಕೊಲೆ ನಮ್ಮ ತೋಟದ ಕತ್ತಿ ಇದ್ದ ಹಾಗೆ ಗದ್ದೆ ಕೆಲಸದ ಕತ್ತೀಲೇ ಆದದ್ದು, ಪಕ್ಕದ ಮನೆಯವನೇ ಪಕ್ಕದ ಮನೆಯವನಿಗೆ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಒಂದು ರೇಡಿಯೋ ಸ್ಟೇಷನ್ ಒಂದು ಜನಾಂಗದವ್ರನ್ನ ಜಿರಳೆ ಜಿರಳೆ ಅಂತ ಕರೀತಾ ಇತ್ತು, ನಡುವೆ ಹಾಡು, ನಗೆಮಾತು. ಜನಕ್ಕೆ ಅದು ಅಭ್ಯಾಸ ಆಯ್ತು. ಆ ರೇಡಿಯೋ ನಡೆಸಿದವ್ರಿಗೆ 2003ರಲ್ಲಿ ಅಂತಾರಾಷ್ಟ್ರೀಯ ಕೋರ್ಟು ಶಿಕ್ಷೆ ಕೊಡ್ತು. ಅವ್ರು ಕೈಲಿ ಕತ್ತಿ ಹಿಡಿದವ್ರಲ್ಲ, ಮಾತಾಡಿದವ್ರು. ಈಗ ಹೇಳಿ, ನಮ್ಮ ಫೋನಲ್ಲಿ ಬೆಳಗ್ಗೆ ಗುಡ್ ಮಾರ್ನಿಂಗ್ ಹೂವಿನ ಚಿತ್ರ, ದೇವ್ರ ಫೋಟೋ, ಅದರ ಕೆಳಗೆ ಇನ್ನೊಂದು ಜಾತಿಯವ್ರನ್ನೋ ಧರ್ಮದವ್ರನ್ನೋ ಹುಳ ಅಂತ ಕರೆಯೋ ವಿಡಿಯೋ, ನಮ್ಮ ಮನೇ ಗ್ರೂಪಲ್ಲೇ ಬರ್ತದೆ, ಕಳ್ಸಿದವ್ರು ನಮ್ಮ ಮಾವನೋ ಅತ್ತೆಯೋ ಆಗಿರ್ತಾರೆ, ಬೇಜಾರಾಗ್ತದೆ ಅಂತ ನಾವು ಸುಮ್ಮನಿರ್ತೇವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಮೆಸೇಜಿಗೆ ಬೀದರಿನ ಮುರ್ಕಿ ಹಳ್ಳೀಲಿ ಹೈದರಾಬಾದಿನ ಒಬ್ಬ ಇಂಜಿನಿಯರನ್ನ ಹೊಡೆದು ಸಾಯಿಸಿದ್ರು, ಅವ್ರು ಮಕ್ಕಳಿಗೆ ಚಾಕ್ಲೇಟ್ ಕೊಟ್ಟಿದ್ರಷ್ಟೆ.

ನಮ್ಮಲ್ಲೂ ಇದು ಹೊಸದಲ್ಲ, 1993ರಲ್ಲಿ ಕೋಮು ಗಲಭೇಲಿ ಭಟ್ಕಳ ತಿಂಗಳುಗಟ್ಟಲೆ ಉರೀತು, ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ಮಾಡ್ತು. ಆಗ ಈ ಮೊಬೈಲ್ ಫೋನೂ ಇರ್ಲಿಲ್ಲ, ಬಾಯಿಂದ ಬಾಯಿಗೇ ಹೋಗ್ತಿತ್ತು.

ಮೂಲ ಕಾರಣ ಅಂದ ಕೂಡ್ಲೆ ಹುಚ್ಚು ಅಂತ ಮುಗಿಸ್ಬೇಡಿ ಅಂತಲೂ ಕೈಮುಗಿದು ಕೇಳ್ತೇನೆ. ನಮ್ಮ ಕಡೆ ಯಾರಾದ್ರೂ ಸ್ವಲ್ಪ ಮಂಕಾದ್ರೆ, ಒಬ್ಬೊಬ್ಬರೇ ಮಾತಾಡಿದ್ರೆ, ಧಾರವಾಡದ ಮನಸ್ಸಿನ ಆಸ್ಪತ್ರೆಗೆ ಕಳಿಸ್ಬೇಕು ಅಂತ ಆಡ್ಕೊಳ್ತಾರೆ. ಮನಸ್ಸಿನ ಕಾಯಿಲೆ ಇರೋರಲ್ಲಿ ಹೆಚ್ಚಿನವ್ರು ಯಾರಿಗೂ ಏನೂ ಮಾಡೋದಿಲ್ಲ, ಪಾಪ ಅವ್ರೇ ಪೆಟ್ಟು ತಿಂದಿರ್ತಾರೆ. ಅಮೆರಿಕದ ಅಧ್ಯಕ್ಷರ ಭದ್ರತೆ ನೋಡ್ಕೊಳ್ಳೋ ಸೀಕ್ರೆಟ್ ಸರ್ವಿಸಿನವ್ರು 37 ಶಾಲಾ ದಾಳಿಗಳನ್ನ ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ರು. ನೂರಕ್ಕೆ 81 ದಾಳೀಲಿ ಹುಡುಗ ಏನು ಮಾಡೋಕೆ ಹೊರಟಿದಾನೆ ಅಂತ ಕನಿಷ್ಠ ಒಬ್ಬರಿಗೆ ಮೊದಲೇ ಗೊತ್ತಿತ್ತು, ಹೆಚ್ಚಾಗಿ ಗೆಳೆಯರಿಗೆ. ಆ ಹುಡುಗ್ರಲ್ಲಿ ತುಂಬ ಜನ ಹಿಂಸೆ ಅವಮಾನ ತಿಂದವ್ರು, ನಾಲ್ಕರಲ್ಲಿ ಮೂರು ಜನ ಮೊದಲೇ ಸಾಯೋ ಯೋಚನೆ ಮಾಡಿದವ್ರು. ಅಂದ್ರೆ ಒಳಗಿದ್ದದ್ದು ಮುಚ್ಚಿಟ್ಟದ್ದಲ್ಲ, ಹೊರಗೆ ಬಂದಿತ್ತು, ಕೇಳಿದವ್ರಿಗೆ ಯಾರ ಹತ್ರ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ.

ಇಲ್ಲಿ ನಮ್ಮನೆ ಕಥೆ ಹೇಳ್ಬೇಕು, ಇಷ್ಟು ವರ್ಷ ಯಾರ ಹತ್ರಾನೂ ಹೇಳಿದ್ದಲ್ಲ. ನಾನು ಹೈಸ್ಕೂಲಲ್ಲಿದ್ದೆ. ಮೇಲಿನ ಬೇಣದ, ಅಂದ್ರೆ ಹುಲ್ಲು ಬೆಳೆಯೋ ಜಾಗದ, ಗಡಿ ವಿಷಯಕ್ಕೆ ಅಪ್ಪಯ್ಯನಿಗೂ ದಾಯಾದಿಗಳಿಗೂ ಜಗಳ, ಅವ್ರು ಬೇಲಿ ಕಿತ್ತು ಹಾಕಿದ್ರು, ಊರೆದುರು ಅಪ್ಪಯ್ಯನಿಗೆ ಏನೇನೋ ಅಂದ್ರು. ಸಂಜೆ ಅಪ್ಪಯ್ಯ ಮನೆಗೆ ಬಂದು ಅಂಗಿನೂ ತೆಗೀದೆ ಅಟ್ಟ ಹತ್ತಿ ಕೋವಿ ಇಳಿಸಿದ್ರು. ಕೋವಿ ಅಟ್ಟದ ಮೇಲೆ, ತೋಟಾ ಮಾತ್ರ ಅಕ್ಕಿ ಪೆಟ್ಟಿಗೆ ಒಳಗೆ, ಅದರ ಕೀಲಿ ಆಯಿಯ, ಅಂದ್ರೆ ನಮ್ಮಮ್ಮನ, ಸೊಂಟದಲ್ಲಿ, ಅದು ಅವ್ರಿಬ್ಬರ ಮೊದಲಿನ ಕ್ರಮ. ಕೀಲಿ ಕೊಡು ಅಂದ್ರು. ಆಯಿ ಒಲೆ ಮುಂದೆ ಕೂತಿದ್ಲು, ಎದ್ದೂ ಇಲ್ಲ. ನಾಳೆ ಬೆಳಗಾದ್ಮೇಲೆ ಕೊಡ್ತೆ, ಈಗ ಊಟ ಮಾಡಿ ಅಂದ್ಲು. ಅಪ್ಪಯ್ಯ ಕೂಗಿದ್ರು. ಆಯಿ ಮತ್ತೆ ಅದೇ ಮಾತು ಅಂದ್ಲು. ಎಷ್ಟು ಹೊತ್ತು ಹಾಗೆ ನಿಂತಿದ್ರೋ ಗೊತ್ತಿಲ್ಲ, ಆಮೇಲೆ ಅಪ್ಪಯ್ಯ ಕೋವಿ ಗೋಡೆಗೆ ಒರಗಿಸಿ ಕೂತ್ಕೊಂಡು ಅತ್ರು, ಅವ್ರು ಅತ್ತಿದ್ದು ನಾನು ಅದೊಂದೇ ಸಲ ನೋಡಿದ್ದು. ಆಯಿ ಪಕ್ಕ ಹೋಗಿ ಕೂತ್ಲು, ರಾತ್ರಿ ಎಷ್ಟೋ ಹೊತ್ತು ಮಾತಾಡ್ತಾ ಇದ್ರು, ನಾನು ನಿದ್ದೆ ಬಂದವ್ನ ಹಾಗೆ ಬಿದ್ಕೊಂಡಿದ್ದೆ. ಬೆಳಗ್ಗೆ ಅಪ್ಪಯ್ಯ ಕೀಲಿ ಕೇಳ್ಲಿಲ್ಲ, ಊರ ಹಿರಿಯರನ್ನ ಕರ್ಕೊಂಡು ಗಡಿ ಅಳೆಸೋಕೆ ಹೋದ್ರು.

ಸಾಹೇಬ್ರೆ, ಆಯಿ ಕೀಲಿ ಅಷ್ಟೇ ಹಿಡ್ಕೊಂಡು ಕೂತಿದ್ರೆ ಅಪ್ಪಯ್ಯ ಹೆಗ್ಗತ್ತಿ ತಗೊಂಡು ಹೋಗ್ತಿದ್ರು, ಅದು ಬಾಗ್ಲ ಸಂದೀಲೇ ಇತ್ತು. ಕೀಲಿ ಕೊಟ್ಟು ಒಳ್ಳೇ ಮಾತು ಹೇಳಿದ್ರೂ ಆಗ್ತಿರ್ಲಿಲ್ಲ. ಅವ್ಳು ಎರಡೂ ಮಾಡಿದ್ಲು. ಸರ್ಕಾರ ಮೊದಲಿನದ್ದನ್ನ ಚೆನ್ನಾಗಿ ಮಾಡ್ತಿದೆ. ಎರಡನೇದು, ಪಕ್ಕ ಬಂದು ಕೂರೋದು, ಅದನ್ನ ಯಾರು ಮಾಡ್ತಿದ್ದಾರೆ?

ನಾನು ಕೇಳೋದು ದೊಡ್ಡದಲ್ಲ. ಪೀಸ್ ಮೀಟಿಂಗ್ ಅಂತ ಗಣೇಶ ಚೌತಿಗೆ, ಈದಿಗೆ ನಾಲ್ಕು ದಿನ ಮೊದಲು ಕರೀತೀರಿ, ಎದುರು ಕೂರೋದು ಯಾವಾಗಲೂ ಅದೇ ಮುಖಗಳು, ಅಧ್ಯಕ್ಷರು, ಮುಖಂಡರು, ಚಾ ಬಿಸ್ಕೀಟು, ಫೋಟೋ. ಕಲ್ಲು ಹೊಡೆಯೋ ವಯಸ್ಸಿನವ್ರು ಒಬ್ಬರೂ ಅಲ್ಲಿರೋದಿಲ್ಲ. ವರ್ಷ ಪೂರ್ತಿ ಕರೀರಿ, ಬೋಟಿನ ಮೇಲೆ ಕೆಲಸ ಮಾಡೋ ಹುಡುಗ್ರನ್ನ, ಗ್ಯಾರೇಜಿನವ್ರನ್ನ, ಫೇಲಾಗಿ ಮನೇಲಿ ಕೂತವ್ರನ್ನ ಕರೀರಿ, ಹುಡುಗೀರನ್ನೂ ಕರೀರಿ, ನಮ್ಮೂರ ಹುಡುಗ್ರು ರಾತ್ರಿ ಏನು ಮಾತಾಡ್ತಾರೆ ಅನ್ನೋದು ಅವ್ರ ಅಕ್ಕ ತಂಗೀರಿಗೆ ನಮಗಿಂತ ಮೊದಲು ಗೊತ್ತಿರ್ತದೆ. ಅನುಮಾನದ ಸಾವು ಆದಾಗ ನಾಲ್ಕು ದಿನ ಸುಮ್ಮನಿರ್ಬೇಡಿ, ಅದೇ ಸಂಜೆ ಗೊತ್ತಿರೋದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ನಾಳೆ ಇಷ್ಟು ಗಂಟೆಗೆ ಮತ್ತೆ ಹೇಳ್ತೇವೆ ಅಂತ ಕನ್ನಡದಲ್ಲಿ, ಕೊಂಕಣೀಲಿ, ಭಟ್ಕಳ ಕಡೆ ಮುಸ್ಲಿಮರು ಆಡೋ ನವಾಯತೀಲಿ ಹೇಳಿ, ಹೇಳಿದ ಗಂಟೆಗೇ ಹೇಳಿ. ಖಾಲಿ ಬಿಟ್ಟ ಜಾಗದಲ್ಲೇ ಗಾಳಿಸುದ್ದಿ ಹೊಕ್ಕೊಳ್ಳೋದು. ಆಮೇಲೆ ಇಂಟರ್ನೆಟ್ ಬಂದ್ ಮಾಡಿ ಉಪಯೋಗ ಇಲ್ಲ, ಅಷ್ಟೊತ್ತಿಗೆ ಎಲ್ಲರ ಫೋನಿಗೂ ಡೌನ್‌ಲೋಡ್ ಆಗಿರ್ತದೆ.

ಮತ್ತೆ ಮನಸ್ಸಿನ ಡಾಕ್ಟ್ರ ವಿಷಯ. ಇಡೀ ದೇಶದಲ್ಲಿ 1996ರಿಂದ ನಡೀತಿರೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆದದ್ದು ನಮ್ಮದೇ ರಾಜ್ಯದ ಬಳ್ಳಾರೀಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವ್ರು ಮಾಡಿದ ಪ್ರಯೋಗ. ಆದ್ರೆ ನಮ್ಮ ಕಡೆ ಹುಡುಗನೊಬ್ಬ ರಾತ್ರಿ ನಿದ್ದೆ ಇಲ್ದೆ ಸಾಯ್ತೇನೆ, ಸಾಯಿಸ್ತೇನೆ ಅಂತ ಗೆಳೆಯನಿಗೆ ಮೆಸೇಜ್ ಹಾಕಿದ್ರೆ ಆ ಗೆಳೆಯ ಯಾರಿಗೆ ಹೇಳ್ಬೇಕು? ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416 ನಂಬರ್ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಮ್ಮೂರ ಬಸ್‌ಸ್ಟ್ಯಾಂಡಲ್ಲಿ, ಜೆಟ್ಟೀಲಿ, ಕಾಲೇಜಿನ ಗೋಡೆ ಮೇಲೆ ಆ ನಂಬರ್ ನಾನು ಎಲ್ಲೂ ನೋಡಿಲ್ಲ, ಶಸ್ತ್ರ ಜಮಾ ಮಾಡಿ ಅನ್ನೋ ನೋಟಿಸ್ ಮಾತ್ರ ಪಂಚಾಯ್ತಿ ಬಾಗ್ಲಿಗೇ ಅಂಟಿಸಿರ್ತಾರೆ. ಅದರ ಪಕ್ಕ ಇದನ್ನೂ ಅಂಟಿಸಿ. ಒಂದೊಂದು ಪಿಯು ಕಾಲೇಜಿಗೆ ವಾರಕ್ಕೆ ಒಂದು ದಿನ ಆದ್ರೂ ಒಬ್ಬ ಕೌನ್ಸೆಲರ್ ಬರೋ ಹಾಗೆ ಮಾಡಿ, ರಿಸಲ್ಟ್ ಬಂದ ವಾರವಂತೂ ದಿನಾ ಬರ್ಲಿ. ಫೇಲಾದವ್ರ ಪಟ್ಟಿ ಕಾಲೇಜಲ್ಲಿ ಇರ್ತದೆ, ಅಷ್ಟೂ ಮನೆಗೆ ಒಂದು ಫೋನ್ ಹೋಗ್ಲಿ, ಏನಪ್ಪಾ ಹೇಗಿದ್ದೀಯ ಅಂತ. ಅಣ್ಣಂದ್ರ ಫೋನ್ ಬರೋಕೆ ಮೊದಲು.

ಊರವ್ರಿಗೂ ಒಂದು ಮಾತು. ಇದೆಲ್ಲ ಡೀಸಿಯವ್ರ ಕೆಲಸ ಅಂತ ನಾವು ಕೈ ಕಟ್ಟಿ ಕೂತ್ರೆ ಆಗೋದಿಲ್ಲ. ಮನೇ ಗ್ರೂಪಲ್ಲಿ ಮಾವ ಹಾಕಿದ ವಿಡಿಯೋಗೆ ನಾನು ಹೋದ ತಿಂಗಳು ಮೊದಲ ಸಲ, ಮಾವಯ್ಯಾ ಇದು ಸುಳ್ಳು, ತೆಗೀರಿ ಅಂತ ಬರೆದೆ. ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ತೆಗೆದ್ರು.

ನಮ್ಮ ಕೊನೆಗೌಡನ ಮಗ ಈಗ ಅಪ್ಪನ ಜೊತೆ ಮರ ಹತ್ತೋ ಕೆಲಸಕ್ಕೇ ಇಳಿದಿದಾನೆ, ದೋಟಿ ಹಿಡಿದ್ರೆ ಗಾಜು ಹೊಕ್ಕ ಆ ಬಲಗೈ ಎರಡು ಬೆರಳು ಇನ್ನೂ ಸರಿಯಾಗಿ ಮಡಚೋದಿಲ್ಲ. ಈ ಪತ್ರ ಬರೆದು ಮೊದಲು ಅವನಿಗೇ ಓದಿ ಹೇಳಿದೆ, ಅವನ ವಿಷಯ ಬರೀಬಹುದಾ ಅಂತ ಕೇಳಿದೆ. ಹೆಸರು ಹಾಕ್ಬೇಡಿ, ಉಳಿದದ್ದು ಇರ್ಲಿ ಅಂದ. ಮುಂದಿನ ಪೀಸ್ ಮೀಟಿಂಗಿಗೆ ಕರೆದ್ರೆ ಬರ್ತೀಯಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದಿನ ಸಾಲಲ್ಲಿ ಕೂರ್ತೇನೆ, ಕೇಳಿದ್ರೆ ಮಾತಾಡ್ತೇನೆ ಅಂದಿದಾನೆ. ಕರೀರಿ ಸಾಹೇಬ್ರೆ, ನಾನೇ ಬೈಕಲ್ಲಿ ಕರ್ಕೊಂಡು ಬರ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕುಮಟಾ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ